‘ಅಮ್ಮಾ, ಒಡವೆ ಬಿಚ್ಚಿಡಿ’ ಅಂದರೆ ಏನು ಮಾಡಬೇಕು?

ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಒಂದು ಸಾಲು ಪದೇ ಪದೇ ಬರುತ್ತದೆ: ‘ಗಮನ ಬೇರೆಡೆ ಸೆಳೆದು ಕಳ್ಳತನ’. ಬೀಗ ಮುರಿದಿರುವುದಿಲ್ಲ, ಚಾಕು ತೋರಿಸಿರುವುದಿಲ್ಲ. ಬರೀ ಮಾತಾಡಿ ಚಿನ್ನವನ್ನೋ ದುಡ್ಡನ್ನೋ ತೆಗೆದುಕೊಂಡು ಹೋಗಿರುತ್ತಾರೆ. ಕಳೆದುಕೊಂಡವರಲ್ಲಿ ವಯಸ್ಸಾದವರು ಜಾಸ್ತಿ. ಇವರು ಪೊಲೀಸರೆಂದರೆ ಗೌರವ ಕೊಡುವವರು, ಯಾರಾದರೂ ವಿಳಾಸ ಕೇಳಿದರೆ ನಿಂತು ಹೇಳುವವರು, ಬಾಯಾರಿದೆ ಅಂದರೆ ನೀರು ತಂದುಕೊಡುವವರು. ಕಳ್ಳರು ಬಳಸಿಕೊಳ್ಳುವುದು ಈ ಒಳ್ಳೆಯತನವನ್ನೇ.

ಸಮಾಧಾನದ ವಿಷಯ ಏನೆಂದರೆ, ಈ ಮೋಸಗಳಲ್ಲಿ ಹೊಸದು ಕಡಿಮೆ. ಅದೇ ನಾಲ್ಕೈದು ನಾಟಕ, ಹೆಚ್ಚುಕಮ್ಮಿ ಅದೇ ಮಾತು. ನಾಟಕ ಮೊದಲೇ ಗೊತ್ತಿದ್ದು, ಉತ್ತರವೂ ಬಾಯಲ್ಲಿ ಸಿದ್ಧವಿದ್ದರೆ ತಪ್ಪಿಸಿಕೊಳ್ಳಬಹುದು. ಆ ಗಳಿಗೆಯಲ್ಲಿ ಯೋಚಿಸೋಣ ಅಂದರೆ ಆಗುವುದಿಲ್ಲ, ಯೋಚಿಸಲು ಅವರು ಬಿಡುವುದೇ ಇಲ್ಲ. ಅದಕ್ಕೇ ಇಲ್ಲಿ ಮುಖ್ಯ ಸಂದರ್ಭಗಳಿಗೆ ಹೇಳಬೇಕಾದ ಮಾತನ್ನೂ ಕೊಟ್ಟಿದ್ದೇನೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಯ ಜೊತೆ ಕೂತು ಒಂದೆರಡು ಸಲ ಹೇಳಿಸಿ.

1. ರಸ್ತೆಯಲ್ಲಿ ‘ಪೊಲೀಸ್’ ತಡೆದಾಗ

ಬೆಳಗ್ಗೆ ವಾಕಿಂಗ್ ಹೊರಟವರನ್ನು, ದೇವಸ್ಥಾನಕ್ಕೆ ಹೋಗುವವರನ್ನು ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸುತ್ತಾರೆ. ಯೂನಿಫಾರ್ಮ್ ಇರುವುದಿಲ್ಲ. ಒಂದು ಕಾರ್ಡನ್ನು ಸರಕ್ಕನೆ ತೋರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ‘ಅಮ್ಮಾ, ಮುಂದಿನ ರಸ್ತೆಯಲ್ಲಿ ಸರಗಳ್ಳತನ ಆಗಿದೆ. ಇಷ್ಟು ಚಿನ್ನ ಹಾಕಿಕೊಂಡು ಯಾಕೆ ಓಡಾಡುತ್ತೀರಿ? ಬಿಚ್ಚಿ ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ’ ಅನ್ನುತ್ತಾರೆ. ಅದೇ ಹೊತ್ತಿಗೆ ದಾರಿಹೋಕನಂತೆ ಇನ್ನೊಬ್ಬ ಬರುತ್ತಾನೆ. ಅವನಿಗೂ ಗದರುತ್ತಾರೆ. ಅವನು ಮರುಮಾತಿಲ್ಲದೆ ಕತ್ತಿನ ಚೈನು ಬಿಚ್ಚಿ ಕೊಡುತ್ತಾನೆ, ಅವರು ಅದನ್ನು ಸುತ್ತಿ ವಾಪಸ್ ಕೊಡುತ್ತಾರೆ. ಅವನೂ ಅವರ ಕಡೆಯವನೇ. ಅವನನ್ನು ನೋಡಿ ನಮಗೂ ನಂಬಿಕೆ ಬರಲಿ ಅಂತ ಮಾಡಿದ ಏರ್ಪಾಡು ಅದು. ಕೊನೆಗೆ ‘ನಾನೇ ಸರಿಯಾಗಿ ಕಟ್ಟಿಕೊಡುತ್ತೇನೆ’ ಎಂದು ಒಡವೆ ಈಸಿಕೊಳ್ಳುತ್ತಾರೆ. ಮನೆಗೆ ಹೋಗಿ ಪೊಟ್ಟಣ ಬಿಚ್ಚಿದರೆ ಒಳಗೆ ಕಲ್ಲು, ಇಲ್ಲವೇ ಗಿಲೀಟಿನ ಬಳೆ.

ನಿಜವಾದ ಪೊಲೀಸರು ರಸ್ತೆಯಲ್ಲಿ ನಿಂತು ಯಾರ ಒಡವೆಯನ್ನೂ ಬಿಚ್ಚಿಸಿ ಕಟ್ಟಿಕೊಡುವುದಿಲ್ಲ. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಹೇಳಬೇಕಾದ ಮಾತು ಇಷ್ಟೇ: ‘ಸ್ಟೇಷನ್‌ಗೆ ಬರುತ್ತೇನೆ, ಅಲ್ಲೇ ಬಿಚ್ಚುತ್ತೇನೆ.’ ಹೇಳುತ್ತಲೇ ನಡೆಯಲು ಶುರು ಮಾಡಿ. ಹತ್ತಿರದ ಅಂಗಡಿಯೋ ಹಾಲಿನ ಬೂತೋ, ಜನ ಇರುವ ಕಡೆ ಹೋಗಿ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ. ಎದುರಿಗಿರುವವರು ನಿಜವಾದ ಪೊಲೀಸರೇ ಆಗಿದ್ದರೂ ನೀವು ಸ್ಟೇಷನ್ ಹೆಸರು, ಅವರ ಹೆಸರು ಕೇಳುವುದರಲ್ಲಿ ತಪ್ಪೇನಿಲ್ಲ.

2. ಪಾಲಿಶ್ ಮಾಡುವವರು ಬಾಗಿಲಿಗೆ ಬಂದಾಗ

ಮಧ್ಯಾಹ್ನ ಹನ್ನೊಂದರಿಂದ ಮೂರರ ನಡುವೆ, ದುಡಿಯುವವರು ಕೆಲಸಕ್ಕೆ ಹೋಗಿ ಮನೆಯಲ್ಲಿ ಹಿರಿಯರಷ್ಟೇ ಇರುವ ಹೊತ್ತು ಇವರಿಗೆ ಅನುಕೂಲ. ‘ಕಂಪನಿ ಕಡೆಯಿಂದ ಬಂದಿದ್ದೇವೆ, ಪೌಡರ್ ಮಾರುತ್ತೇವೆ, ತೋರಿಸುವುದಕ್ಕೆ ದುಡ್ಡಿಲ್ಲ’ ಅನ್ನುತ್ತಾರೆ. ಮೊದಲು ಹಿತ್ತಾಳೆ ದೀಪ ಕೇಳುತ್ತಾರೆ. ಅದು ನಿಜಕ್ಕೂ ಫಳಫಳ ಹೊಳೆಯುತ್ತದೆ. ಆಮೇಲೆ ಬೆಳ್ಳಿ ಕಾಲುಂಗುರ, ಅದೂ ಹೊಳೆಯುತ್ತದೆ. ಅಷ್ಟರಲ್ಲಿ ನಂಬಿಕೆ ಬಂದಿರುತ್ತದೆ. ಮೂರನೆಯದು ಕತ್ತಿನ ಸರ.

ಸರವನ್ನು ಅವರು ಅದ್ದುವ ದ್ರವದಲ್ಲೇ ಕಿತಾಪತಿ ಇರುತ್ತದೆ. ಬಂಗಾರವನ್ನು ಒಂಟಿ ನೈಟ್ರಿಕ್ ಆಸಿಡ್ ಕರಗಿಸುವುದಿಲ್ಲ, ಒಂಟಿ ಹೈಡ್ರೋಕ್ಲೋರಿಕ್ ಆಸಿಡ್ಡೂ ಕರಗಿಸುವುದಿಲ್ಲ. ಎರಡನ್ನೂ ಬೆರೆಸಿದರೆ ಕರಗುತ್ತದೆ. ಈ ಮಿಶ್ರಣವನ್ನು ಆಕ್ವಾ ರೀಜಿಯಾ ಅನ್ನುತ್ತಾರೆ. ಸರ ಸರದ ಹಾಗೇ ಕಾಣುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಕರಗಿದ ಚಿನ್ನ ಅವರ ಡಬ್ಬಿಯಲ್ಲಿ ಉಳಿಯುತ್ತದೆ, ಅದನ್ನು ಆಮೇಲೆ ಬೇರ್ಪಡಿಸಿಕೊಳ್ಳುತ್ತಾರೆ. ಇನ್ನು ಕೆಲವರು ಇಷ್ಟೂ ಕಷ್ಟಪಡುವುದಿಲ್ಲ. ‘ಅರಿಶಿನದ ನೀರಿನ ಜೊತೆ ಕುಕ್ಕರಿನಲ್ಲಿ ಹಾಕಿದ್ದೇವೆ, ಹತ್ತು ನಿಮಿಷ ಬಿಟ್ಟು ತೆಗೆಯಿರಿ’ ಎಂದು ಹೇಳಿ ಸರವನ್ನೇ ಎತ್ತಿಕೊಂಡು ಹೋಗುತ್ತಾರೆ. ಆ ಹತ್ತು ನಿಮಿಷ ಅವರು ಬಸ್ಸು ಹತ್ತುವುದಕ್ಕೆ ಸಾಕು.

ಇಲ್ಲಿ ಮಾತು ಇನ್ನೂ ಚಿಕ್ಕದು: ‘ಬೇಡ. ನಮ್ಮದು ಅಂಗಡಿಯಲ್ಲೇ ಮಾಡಿಸುತ್ತೇವೆ.’ ಗ್ರಿಲ್ ತೆಗೆಯದೆ, ಒಳಗಿನಿಂದಲೇ ಹೇಳಿ. ನೀರು ಕೇಳಿದರೂ ಅಷ್ಟೇ. ಬಾಟಲಿಯಲ್ಲಿ ಕೊಡಿ, ಗ್ರಿಲ್ಲಿನ ಸಂದಿಯಿಂದ ಕೊಡಿ. ಬಾಯಾರಿದವರಿಗೆ ನೀರು ಕೊಡುವುದನ್ನು ಬಿಡಬೇಕಾಗಿಲ್ಲ, ಬಾಗಿಲು ತೆಗೆಯದಿದ್ದರೆ ಆಯಿತು.

3. ಬ್ಯಾಂಕಿನಿಂದ ದುಡ್ಡು ತರುವಾಗ

ಬ್ಯಾಂಕಿನ ಒಳಗೇ ಒಬ್ಬ ಕೂತು ಯಾರು ಎಷ್ಟು ಎಣಿಸಿಕೊಂಡರು, ಎಲ್ಲಿಟ್ಟುಕೊಂಡರು ಎಂದು ನೋಡಿರುತ್ತಾನೆ. ಹೊರಗೆ ಕಾಯುವವನಿಗೆ ಸುಳಿವು ಕೊಡುತ್ತಾನೆ. ಆಮೇಲಿನ ನಾಟಕಗಳು ಗೊತ್ತಿರುವಂಥವೇ. ಕಾಲ ಬಳಿ ಹತ್ತು ರೂಪಾಯಿಯ ನಾಲ್ಕು ನೋಟು ಚೆಲ್ಲಿ ‘ಸಾರ್, ನಿಮ್ಮ ದುಡ್ಡು ಬಿದ್ದಿದೆ’ ಅನ್ನುವುದು. ಬೆನ್ನ ಮೇಲೆ ಏನೋ ಗಲೀಜು ಎರಚಿ, ತಾವೇ ನೀರು ತಂದು ತೊಳೆಯಲು ನಿಲ್ಲುವುದು. ಕಾರಿನ ಟೈರಿಗೆ ಮೊಳೆ ಚುಚ್ಚಿ ‘ಪಂಕ್ಚರ್ ಆಗಿದೆ ನೋಡಿ’ ಎಂದು ಕೂಗುವುದು. ನೀವು ಬಗ್ಗಿದ, ತಿರುಗಿದ, ಇಳಿದ ಆ ಕ್ಷಣದಲ್ಲಿ ಬ್ಯಾಗ್ ಹೋಗಿರುತ್ತದೆ.

ಯಾರಾದರೂ ಕೂಗಿದ ತಕ್ಷಣ ಮೊದಲು ಕೈ ಬ್ಯಾಗಿನ ಮೇಲೆ ಹೋಗಬೇಕು, ಕಣ್ಣು ಆಮೇಲೆ. ಬಿದ್ದ ನೋಟು ಬಿದ್ದಿರಲಿ. ಅಂಗಿ ಕೊಳೆಯಾಗಿದ್ದರೆ ಮನೆಯಲ್ಲಿ ತೊಳೆಯೋಣ. ಟೈರು ಹೋಗಿದ್ದರೆ ಗಾಡಿಯನ್ನು ನಿಧಾನವಾಗಿ ಜನ ಇರುವಲ್ಲಿಗೆ ತಂದು, ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಇಳಿಯಿರಿ. ಸ್ಕೂಟರಿನ ಡಿಕ್ಕಿಯನ್ನು ಮಾತ್ರ ಯಾವತ್ತೂ ತಿಜೋರಿ ಎಂದುಕೊಳ್ಳಬೇಡಿ. ದುಡ್ಡು ಡಿಕ್ಕಿಯಲ್ಲಿಟ್ಟು ಹೋಟೆಲಿಗೆ ಟೀ ಕುಡಿಯಲು ಹೋದವರು ಕಳೆದುಕೊಂಡ ಪ್ರಕರಣಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ದುಡ್ಡು ತೆಗೆದ ಮೇಲೆ ನೇರ ಮನೆಗೆ, ಸಾಧ್ಯವಾದರೆ ಜೊತೆಗೆ ಒಬ್ಬರು.

ಇಷ್ಟಕ್ಕೂ ಅಷ್ಟು ನಗದು ಬೇಕೇ ಬೇಕಾ? ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೇ ಒಪ್ಪುವುದಿಲ್ಲ. ಮದುವೆ ಛತ್ರಕ್ಕಾಗಲಿ, ಸೈಟಿಗಾಗಲಿ ಚೆಕ್ಕು ಇಲ್ಲವೇ ಆನ್‌ಲೈನ್ ಪಾವತಿಯೇ ಸುರಕ್ಷಿತ.

4. ಕತ್ತಿನ ಸರ, ಬಸ್ಸಿನ ರಶ್

ಚಿನ್ನ ಹಾಕಿಕೊಳ್ಳುವುದು ತಪ್ಪು ಎಂದು ನಾನು ಹೇಳುವುದಿಲ್ಲ. ತಪ್ಪು ಕೀಳುವವನದು. ಆದರೆ ಮನೆ ಮುಂದೆ ಬಗ್ಗಿ ರಂಗೋಲಿ ಹಾಕುವ ಹೊತ್ತನ್ನೇ ಅವರು ಕಾಯುತ್ತಾರೆ ಎನ್ನುವುದು ಗೊತ್ತಿರಲಿ. ಸೆರಗನ್ನೋ ವೇಲನ್ನೋ ಕತ್ತು ಮುಚ್ಚುವಂತೆ ಹೊದ್ದುಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ವಾಹನಗಳಿಗೆ ಎದುರಾಗಿ ನಡೆಯಿರಿ. ಹಿಂದಿನಿಂದ ಬೈಕು ಹತ್ತಿರ ಬರುವುದು ಆಗ ಕಷ್ಟ. ಕಿತ್ತೇಬಿಟ್ಟರೆ ಜಗ್ಗಾಡಬೇಡಿ. ಬೈಕಿನ ಜೊತೆ ಎಳೆದುಕೊಂಡು ಹೋಗಿ ತಲೆಗೆ ಪೆಟ್ಟು ಮಾಡಿಕೊಂಡವರಿದ್ದಾರೆ. ಸರ ಹೋದರೆ ಹೋಗಲಿ, ಜೋರಾಗಿ ಕೂಗಿ, ಗಾಡಿ ನಂಬರ್ ನೋಡಿ.

ಬಸ್ಸಿನಲ್ಲಿ ಹತ್ತುವಾಗಿನ ನೂಕಾಟವೇ ಅಪಾಯದ ಸಮಯ. ವ್ಯಾನಿಟಿ ಬ್ಯಾಗ್ ಎದೆಯ ಮುಂದಿರಲಿ. ಕೂತವರು ‘ಬ್ಯಾಗ್ ಕೊಡಿ, ಹಿಡಿದುಕೊಳ್ಳುತ್ತೇನೆ’ ಅನ್ನುವುದು ನಮ್ಮಲ್ಲಿ ರೂಢಿ. ಊಟದ ಬ್ಯಾಗಾದರೆ ಕೊಡಿ, ಒಡವೆಯ ಬ್ಯಾಗ್ ಬೇಡ. ರೈಲಿನಲ್ಲಿ ಗುರುತಿಲ್ಲದವರು ಕೊಟ್ಟ ಬಿಸ್ಕತ್ತು, ಜ್ಯೂಸ್ ಬೇಡ. ಅಲ್ಲಿ ತೊಂದರೆಯಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

5. ಅದೇ ನಾಟಕ ಫೋನಿನಲ್ಲಿ ನಡೆದರೆ

ರಸ್ತೆಯ ನಕಲಿ ಪೊಲೀಸ್ ಈಗ ವಿಡಿಯೊ ಕಾಲಿನಲ್ಲೂ ಬರುತ್ತಾನೆ. ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ’ ಅನ್ನುತ್ತಾನೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದರ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ್ದು ನಮ್ಮ ವಿಜಯಪುರದ ಒಬ್ಬರಿಗೆ ಬಂದ ಇಂಥದೇ ಕರೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಇನ್ನೊಂದು ವಿಷಯ ಹಿರಿಯರಿಗೆ ಧೈರ್ಯ ಕೊಡುವಂಥದ್ದು: ಪೊಲೀಸರು ತನಿಖೆ ಹೇಗೆ ನಡೆಸಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ, ಮಹಿಳೆಯರನ್ನು ಮತ್ತು 60 ದಾಟಿದ ಗಂಡಸರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಅವರಿರುವ ಜಾಗಕ್ಕೇ ಪೊಲೀಸರು ಬರಬೇಕು.

ಹೇಳುವ ಮಾತು: ‘ಮಗಳ ಹತ್ತಿರ ಮಾತಾಡಿ ಹೇಳುತ್ತೇನೆ.’ ಹೇಳಿ ಕರೆ ಕಟ್ ಮಾಡಿ. ಯಾರಿಗೂ ಹೇಳಬೇಡಿ ಎಂದರೆ ತಕ್ಷಣ ಯಾರಿಗಾದರೂ ಹೇಳಲೇಬೇಕು. ದುಡ್ಡು ಹೋಗಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯುವ ಅವಕಾಶ ಜಾಸ್ತಿ.

6. ಆಗಿಹೋದರೆ

ಮೊದಲು, ಮನೆಯವರು ಬೈಯಬೇಡಿ. ದಯವಿಟ್ಟು. ‘ನಿನಗೆ ಅಷ್ಟೂ ಗೊತ್ತಾಗಲಿಲ್ವಾ’ ಅನ್ನುವ ಒಂದು ಮಾತಿಗೆ ಹೆದರಿಯೇ ಎಷ್ಟೋ ಅಮ್ಮಂದಿರು ಸರ ಕಳೆದದ್ದನ್ನು ದಿನಗಟ್ಟಲೆ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಬೀದಿಯ ಸಿಸಿಟಿವಿಯ ಹಳೆಯ ದೃಶ್ಯಗಳ ಮೇಲೆ ಹೊಸವು ರೆಕಾರ್ಡ್ ಆಗಿರುತ್ತವೆ.

112ಕ್ಕೆ ಕೂಡಲೇ ಕರೆ ಮಾಡಿ. ಬೆಂಗಳೂರಿನಲ್ಲಾದರೆ ಪೊಲೀಸರ ಗಸ್ತು ವಾಹನ ‘ಹೊಯ್ಸಳ’ ಬರುತ್ತದೆ. ಬೈಕಿನ ಬಣ್ಣ, ಹೋದ ದಿಕ್ಕು, ಆಡಿದ ಭಾಷೆ, ಹಾಕಿದ ಅಂಗಿ, ನೆನಪಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಂತರ ಸ್ಟೇಷನ್. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ, ಯಾವ ಸ್ಟೇಷನ್ನಿನಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬಹುದು. ದೂರನ್ನು ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಪಡೆಯಿರಿ. ಸರ ಕಿತ್ತುಕೊಂಡು ಹೋಗುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್‌ನಡಿ ಪ್ರತ್ಯೇಕ ಅಪರಾಧ. ಮೂರು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಬರೀ ‘ಕಳೆದುಹೋಗಿದೆ’ ಎಂದು ಬರೆಸಿಕೊಂಡು ಬರಬೇಡಿ.

ಕಳ್ಳ ಸಿಕ್ಕಿ ಚಿನ್ನ ವಾಪಸ್ ಬಂದರೆ, ಅದು ನಿಮ್ಮದೇ ಎಂದು ತೋರಿಸಬೇಕಾಗುತ್ತದೆ. ಅದಕ್ಕೆ ಬಿಲ್ಲು ಮತ್ತು ಒಡವೆಯ ಫೋಟೊ ಬೇಕು. 2023ರ ಏಪ್ರಿಲ್ 1ರಿಂದ ಮಾರಾಟವಾಗುವ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ ಇರುತ್ತದೆ. ಒಡವೆ ಕೈಯಲ್ಲಿರುವಾಗಲೇ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಜ್ಜಿಯ ಕಾಲದ ಒಡವೆಗೆ ಬಿಲ್ಲು ಇರುವುದಿಲ್ಲ, ಅಲ್ವಾ? ತೂಕ ಹಾಕಿಸಿ, ಎರಡೂ ಬದಿಯ ಫೋಟೊ ತೆಗೆದು, ಮಕ್ಕಳ ಫೋನಿಗೂ ಒಂದು ಪ್ರತಿ ಕಳಿಸಿ.