ತುಮಕೂರಲ್ಲಿ ಮನೆ ನೋಡ್ತಿದ್ದೀರಾ? ರಾತ್ರಿ ಹೊತ್ತೂ ಒಮ್ಮೆ ಹೋಗಿ ಬನ್ನಿ

ಅಡ್ವಾನ್ಸ್ ಕೊಡುವ ಮುಂಚೆ ರಾತ್ರಿ ಒಂಬತ್ತರ ಮೇಲೆ ಆ ಬೀದಿಯಲ್ಲಿ ನಡೆದು ನೋಡಿ. ದೀಪ ಉರಿಯುತ್ತವಾ, ಹೆಂಗಸರು ಧೈರ್ಯವಾಗಿ ಓಡಾಡುತ್ತಾರಾ, ಖಾಲಿ ಸೈಟಲ್ಲಿ ಕುಡಿಯುವವರು ಸೇರುತ್ತಾರಾ, ಎಲ್ಲ ಗೊತ್ತಾಗುತ್ತದೆ. ಬೆಂಗಳೂರಿಗೆ ರೈಲಲ್ಲಿ ಓಡಾಡುವವರು ಸ್ಟೇಷನ್ನಿಂದ ಮನೆವರೆಗಿನ ದಾರಿಯನ್ನೂ ಕತ್ತಲಲ್ಲೇ ನೋಡಿ.

ನೀರಿನ ವಿಷಯದಲ್ಲಿ ಮಾಲೀಕರ ಮಾತೊಂದೇ ಸಾಲದು. ಅಕ್ಕಪಕ್ಕದವರನ್ನು, ಬೀದಿ ಕೊನೆಯ ಅಂಗಡಿಯವರನ್ನು ಕೇಳಿ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರನ್ನು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾ? ಬೋರ್‌ವೆಲ್ಲೇ ಗತಿ ಅಂದರೆ ನೀರನ್ನು ಟೆಸ್ಟ್ ಮಾಡಿಸಿ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ, ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ಬಿಡಬೇಡಿ.

ಜೋರು ಮಳೆಯ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು. ಮೋರಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕಾಂಪೌಂಡ್ ಗೋಡೆ ನೋಡಿದರೇ ತಿಳಿಯುತ್ತದೆ.