ಕ್ಲಿಂಚ್ ತಿರುಗಿಸಿ ಗೆದ್ದೆ: ನನ್ನ ಅನುಭವ

"ಅವನು ತಲೆ ಕೊಟ್ಟರೆ ನೀನು ಮೊಣಕೈ ಕೊಡು." ಪ್ರೊಫೆಷನಲ್ ಬಾಕ್ಸರ್ ಆದ ದಿನದಿಂದ ನನಗೆ ಸಿಕ್ಕ ಬುದ್ಧಿಮಾತು ಇದೊಂದೇ. ಕೊಳಕಾಟಕ್ಕೆ ಕೊಳಕಾಟವೇ ಮದ್ದು ಅಂತ ನನ್ನ ಟ್ರೇನರ್ ನಂಬಿದ್ದರು, ರೌಂಡ್‌ಗಳ ನಡುವೆ ಗಾಯ ನೋಡಿಕೊಳ್ಳುವ ಕಟ್‌ಮ್ಯಾನ್ ನಂಬಿದ್ದರು, ಜಿಮ್‌ನ ಹಿರಿಯರೆಲ್ಲ ನಂಬಿದ್ದರು. ಹೋದ ಫೈಟ್‌ನಲ್ಲಿ, ನಮ್ಮ ತೂಕದಲ್ಲೇ ಅತಿ ಕೊಳಕು ಅಂತ ಹೆಸರಾದವನ ಜೊತೆ ಎಂಟು ರೌಂಡ್ ಆಡಿದೆ. ಒಂದೇ ಒಂದು ಫೌಲ್ ಮಾಡದೆ ಗೆದ್ದೆ. ಹೇಗೆ ಅಂತ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಸೋತ ಕಥೆಗಳು. ಒಂದು ಫೈಟ್‌ನಲ್ಲಿ ಮೂರನೇ ರೌಂಡಿಗೇ ಎದುರಾಳಿಯ ತಲೆ ತಾಗಿ ಎಡ ಹುಬ್ಬು ಸೀಳಿತು. ರೆಫರಿ ಅದನ್ನು ಆಕಸ್ಮಿಕ ಅಂದರು. ಫೈಟ್ ಅಲ್ಲಿಗೇ ನಿಂತಿತು. ನಾಲ್ಕು ರೌಂಡ್ ಮುಗಿದಿರಲಿಲ್ಲ, ಹಾಗಾಗಿ ಸ್ಕೋರ್‌ಕಾರ್ಡ್ ನೋಡಿ ಗೆದ್ದವರನ್ನು ಹೇಳುವ ಮಾತೇ ಇಲ್ಲ. ಹನ್ನೊಂದೋ ಹನ್ನೆರಡೋ ಹೊಲಿಗೆ, ಸುಮಾರು ಎರಡು ತಿಂಗಳು ಮೆಡಿಕಲ್ ಸಸ್ಪೆನ್ಷನ್. ಆ ಅವಧಿಗೆ ಒಪ್ಪಿಕೊಂಡಿದ್ದ ಎರಡು ಫೈಟ್ ಕೈತಪ್ಪಿದವು. ಏಟು ತಿಂದದ್ದಕ್ಕಿಂತ ಆ ಎರಡು ಪರ್ಸ್, ಅಂದರೆ ಫೈಟ್‌ನ ದುಡ್ಡು, ಹೋದದ್ದೇ ಹೆಚ್ಚು ನೋಯಿಸಿತು.

ಇನ್ನೊಂದು ಸಲ ಹಿರಿಯರ ಮಾತು ಕೇಳಿದೆ. ಕ್ಲಿಂಚ್‌ನಲ್ಲಿ, ಅಂದರೆ ಇಬ್ಬರೂ ತಬ್ಬಿ ಹಿಡಿದುಕೊಂಡಿದ್ದಾಗ, ಎದುರಾಳಿ ಕಿಡ್ನಿಗೆ ಹೊಡೆದ, ನಾನು ಸೊಂಟದ ಕೆಳಗೆ ತಿರುಗಿಸಿ ಕೊಟ್ಟೆ. ರೆಫರಿ ನೋಡಿದ್ದು ನನ್ನದನ್ನು ಮಾತ್ರ. ಎರಡು ಬಾರಿ ಅಂಕ ಹೋಯಿತು, ಆರನೇ ರೌಂಡಿನಲ್ಲಿ ಡಿಸ್‌ಕ್ವಾಲಿಫೈ ಆದೆ, ಪರ್ಸ್ ತಡೆಹಿಡಿದರು. 1996ರಲ್ಲಿ ಆಂಡ್ರ್ಯೂ ಗೊಲೊಟಾ ರಿಡಿಕ್ ಬೋವ್ ಎದುರು ಎರಡೂ ಫೈಟ್‌ನಲ್ಲಿ ಕಾರ್ಡ್‌ಗಳಲ್ಲಿ ಮುಂದಿದ್ದು, ಎರಡನ್ನೂ ಲೋ ಬ್ಲೋ (ಸೊಂಟದ ಕೆಳಗಿನ ಏಟು) ಹೊಡೆದು ಕಳೆದುಕೊಂಡದ್ದು ನಿಮಗೆಲ್ಲ ಗೊತ್ತು. ನನ್ನದು ಅದೇ ಕಥೆ, ಸಣ್ಣ ರಿಂಗ್‌ನಲ್ಲಿ. ಮುಯ್ಯಿ ತೀರಿಸಿಕೊಳ್ಳುವವನೇ ಯಾವಾಗಲೂ ಸಿಕ್ಕಿಬೀಳುತ್ತಾನೆ, ಯಾಕೆಂದರೆ ರೆಫರಿ ತಿರುಗಿ ನೋಡುವ ಹೊತ್ತಿಗೆ ಮೊದಲ ಏಟು ಮುಗಿದಿರುತ್ತದೆ.

ಆಮೇಲೆ ದೂರು ಹೇಳುವುದನ್ನೂ ಮಾಡಿ ನೋಡಿದೆ. ಕೈ ಇಳಿಸಿ ರೆಫರಿ ಕಡೆ ತಿರುಗಿದೆ, ಅಷ್ಟರಲ್ಲಿ ಬಲಗೈ ಬಂದು ದವಡೆಗೆ ಬಿತ್ತು, ಎಂಟರ ತನಕ ಎಣಿಕೆ ಆಯಿತು. 2011ರಲ್ಲಿ ವಿಕ್ಟರ್ ಒರ್ಟಿಜ್ ತಲೆಯಿಂದ ಗುದ್ದಿ ಅಂಕ ಕಳೆದುಕೊಂಡ, ಕ್ಷಮೆ ಕೇಳುತ್ತಾ ಕೈ ಇಳಿಸಿ ನಿಂತ, ಮೇವೆದರ್ ಎರಡೇ ಏಟಿಗೆ ಮಲಗಿಸಿದ. ಮೇವೆದರ್ ಮಾಡಿದ್ದು ನಿಯಮದ ಒಳಗೇ ಇತ್ತು. ನನಗೆ ಅದು ಇವತ್ತಿಗೂ ಹಿಡಿಸಲ್ಲ, ಆದರೆ ಆ ದಿನದಿಂದ ನನ್ನ ಗಾರ್ಡ್ ಇಳಿದಿಲ್ಲ.

ಮೂರೂ ದಾರಿ ಮುಚ್ಚಿದ ಮೇಲೆ ಕೂತು ವಿಡಿಯೊ ನೋಡಿದೆ. ಮೊದಲು ಹೇಳಿದ ಆ ಕೊಳಕು ಎದುರಾಳಿಯದೇ ಒಂಬತ್ತು ಫೈಟ್. ಫೌಲ್ ಎಣಿಸುತ್ತಾ ಹೋದೆ, ಪ್ರತಿ ಸಲವೂ ರೆಫರಿ ಎಲ್ಲಿ ನಿಂತಿದ್ದರು ಅಂತ ಪಕ್ಕದಲ್ಲಿ ಬರೆದೆ. ಅರವತ್ತರ ಹತ್ತಿರ ಫೌಲ್ ಸಿಕ್ಕವು, ಅದರಲ್ಲಿ ನಲವತ್ತೈದರಷ್ಟು ಅವನ ಎಡಗಡೆ ರೆಫರಿ ಇದ್ದಾಗ ಆದವು. ಎಡಗೈಯಿಂದ ಎದುರಾಳಿಯ ಬಲಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿಯುತ್ತಾನೆ, ಬಲಗೈ ಆಚೆ ಬದಿಯಲ್ಲಿ ಮರೆಯಾಗಿರುತ್ತದೆ. ಕಿಡ್ನಿಗೆ ಎರಡು, ಹಿಂದಲೆಗೆ ಒಂದು. ಅವನಿಗೆ ಧೈರ್ಯ ಬಂದದ್ದೇ ಆ ಮರೆಯಿಂದ.

ಹಾಗಾದರೆ ಮರೆ ತೆಗೆದುಬಿಟ್ಟರೆ? ಕ್ಲಿಂಚ್ ಆದ ಕೂಡಲೇ ಅವನನ್ನು ಅರ್ಧ ಸುತ್ತು ತಿರುಗಿಸಿ, ರೆಫರಿ ನನ್ನ ಎಡಕ್ಕೆ ಬರುವಂತೆ ಮಾಡಿದರೆ ಅವನ ಬಲಗೈ ನೇರ ರೆಫರಿ ಮುಂದೆ ಇರುತ್ತದೆ. ನನ್ನ ಟ್ರೇನರ್ ನಕ್ಕರು. "ಏಟು ತಿನ್ನುತ್ತಾ ರೆಫರಿಯನ್ನು ಹುಡುಕುತ್ತೀಯಾ?" ಅಂದರು. ಹುಡುಕಬೇಕಿಲ್ಲ. ಹಣೆಯನ್ನು ಅವನ ಕಾಲರ್ ಮೂಳೆಗೆ ಒತ್ತಿದಾಗ ಅವನ ತಲೆಗೆ ಗುದ್ದಲು ಜಾಗ ಉಳಿಯಲ್ಲ, ನನ್ನ ಕಣ್ಣು ನೆಲ ನೋಡುತ್ತಿರುತ್ತದೆ. ಕ್ಯಾನ್ವಾಸ್ ಮೇಲೆ ನಮ್ಮಿಬ್ಬರ ಬೂಟು ಬಿಟ್ಟರೆ ಇನ್ನೊಂದೇ ಜೋಡಿ, ರೆಫರಿಯ ಕಪ್ಪು ಶೂ. ಅದು ಎಡಕ್ಕೆ ಕಂಡರೆ ಸರಿ, ಬಲಕ್ಕೆ ಕಂಡರೆ ತಿರುಗಿಸು. ತಿರುಗಿಸಲು ಮೊದಲು ಯಾವ ಹೆಜ್ಜೆ ಇಡುತ್ತೇನೆ, ಎಡಗೈ ಎಲ್ಲಿ ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮರುಪಂದ್ಯ ಬಾಕಿ ಇದೆ.

ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಫೈಟ್‌ಗೆ, ಒಬ್ಬ ಹುಡುಗನನ್ನು ಮಾಮೂಲಿನ ಎರಡು ಪಟ್ಟು ದುಡ್ಡು ಕೊಟ್ಟು ಕರೆದೆ. ಅವನ ಕೆಲಸ ಒಂದೇ, ನನಗೆ ಫೌಲ್ ಮಾಡುವುದು. ಮೊದಲ ವಾರ ಅವನಿಗೇ ನಾಚಿಕೆ, ಕೈ ಬರುತ್ತಿರಲಿಲ್ಲ. ನಾಲ್ಕನೇ ವಾರಕ್ಕೆ ಪಳಗಿದ. ಈ ನಡುವೆ ಒಂದು ಪ್ರಯೋಗ ಮಾಡಿದೆ: ಅವನ ಹೆಡ್‌ಗಾರ್ಡ್ ಹಣೆಗೆ ನೀಲಿ ಸೀಮೆಸುಣ್ಣದ ಪುಡಿ, ಮೊಣಕೈಗೆ ಕೆಂಪು. ಮೂರು ರೌಂಡ್ ಆದ ಮೇಲೆ ಕನ್ನಡಿ ನೋಡಿದರೆ ಕೆಂಪು ಇಲ್ಲವೇ ಇಲ್ಲ, ಎಡ ಹುಬ್ಬು ಕೆನ್ನೆ ಪೂರ್ತಿ ನೀಲಿ. ಇಷ್ಟು ವರ್ಷ ಮೊಣಕೈಗೆ ಹೆದರಿದ್ದೆ, ಅಪಾಯ ಇದ್ದದ್ದು ತಲೆಯಲ್ಲಿ. ಅದೂ ಜ್ಯಾಬ್ (ಮುಂದಿನ ಕೈಯ ನೇರ ಏಟು) ಹಾಕಿದ ಗೆರೆಯಲ್ಲೇ ನಾನು ಒಳನುಗ್ಗಿದಾಗ. ಸೌತ್‌ಪಾ ನಿಂತು, ಅಂದರೆ ಎಡಗೈಯವರ ಹಾಗೆ ಬಲಗಾಲು ಮುಂದಿಟ್ಟು, ಆಡು ಅಂದೆ, ನೀಲಿ ಇನ್ನೂ ಹೆಚ್ಚಾಯಿತು. ಮುಂದಿನ ಕಾಲು ಎದುರುಬದುರಾದರೆ ತಲೆಗಳೂ ಒಂದೇ ಜಾಗಕ್ಕೆ ಬರುತ್ತವೆ. ಪುಡಿ ಕಣ್ಣಿಗೆ ಬಿದ್ದು ಎರಡು ದಿನ ತರಬೇತಿ ಹಾಳಾಯಿತು, ಆದರೂ ಲಾಭವೇ.

ಲೋ ಬ್ಲೋ ವಿಷಯ. ಚೇತರಿಸಿಕೊಳ್ಳಲು ಐದು ನಿಮಿಷದವರೆಗೆ ಸಿಗುತ್ತದೆ. ನಾನು ಪೌರುಷಕ್ಕೆ ಅರ್ಧ ನಿಮಿಷದಲ್ಲಿ ಎದ್ದುಬಿಡುತ್ತಿದ್ದೆ, ಆಮೇಲೆ ಎರಡು ರೌಂಡ್ ಕಾಲು ಬರುತ್ತಿರಲಿಲ್ಲ. 2023ರಲ್ಲಿ ಡುಬ್ವಾ ಎದುರು ಉಸಿಕ್ ನಾಲ್ಕು ನಿಮಿಷದ ಹತ್ತಿರ ತೆಗೆದುಕೊಂಡು, ಎದ್ದು ಬಂದು, ಒಂಬತ್ತನೇ ರೌಂಡಿನಲ್ಲಿ ಮುಗಿಸಿದ. ಆ ಏಟು ಬೆಲ್ಟ್‌ನ ಮೇಲಿತ್ತೋ ಕೆಳಗಿತ್ತೋ ಅನ್ನುವ ಜಗಳ ಬೇರೆ. ನಾನಂತೂ ಬೆಲ್ಟ್ ಮೇಲೆ ಬಿದ್ದ ಏಟಿಗೆ ಉರುಳಾಡುವ ನಾಟಕ ಮಾಡಲ್ಲ, ಕೆಳಗೆ ಬಿದ್ದರೆ ನನ್ನ ಸಮಯ ಬಿಡಲ್ಲ.

ಫೈಟ್‌ಗೆ ಹತ್ತು ದಿನ ಇದ್ದಾಗ ನನ್ನ ಕಾರ್ನರ್‌ನ ಸಹಾಯಕನೊಬ್ಬ, ಗ್ಲೌಸ್ ಒಳಗೆ ಕೈಗೆ ಸುತ್ತುವ ಗಾಜ್ ಬಟ್ಟೆಗೆ ಏನೋ ಹಾಕಿ ಗಟ್ಟಿ ಮಾಡೋಣ ಅಂದ. ಅವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸಿದೆ. 1983ರಲ್ಲಿ ಲೂಯಿಸ್ ರೆಸ್ಟೊನ ಗ್ಲೌಸ್‌ನಿಂದ ಅವನ ಟ್ರೇನರ್ ಪ್ಯಾಡಿಂಗ್ ತೆಗೆದಿದ್ದರು. ಬಿಲ್ಲಿ ಕಾಲಿನ್ಸ್ ಎಂಬ ಸೋಲೇ ಕಾಣದ ಹುಡುಗನ ಮುಖ ಹತ್ತು ರೌಂಡಿನಲ್ಲಿ ಊದಿಹೋಯಿತು, ಕಣ್ಣು ಮಂಜಾಯಿತು, ಅವನು ಮತ್ತೆ ರಿಂಗ್‌ಗೆ ಇಳಿಯಲೇ ಇಲ್ಲ. ಅದನ್ನು ತಿಳಿದೂ ಈ ಮಾತಾಡುವವನ ಜೊತೆ ನನಗೆ ಒಂದು ನಿಮಿಷವೂ ಕೆಲಸವಿಲ್ಲ. 2009ರಲ್ಲಿ ಮಾರ್ಗರಿಟೊ ಕೈಪಟ್ಟಿಯ ಒಳಗಿನ ಗಟ್ಟಿ ಪ್ಯಾಡ್ ಹಿಡಿದದ್ದು ಎದುರಾಳಿ ಮೋಸ್ಲಿಯ ಟ್ರೇನರ್ ನಾಜಿಮ್ ರಿಚರ್ಡ್‌ಸನ್ ಕಣ್ಣು. ಅದಕ್ಕೇ ಎದುರಾಳಿ ಕೈ ಕಟ್ಟುವಾಗ ನನ್ನ ಕಡೆಯವರೊಬ್ಬರು ಅಲ್ಲಿ ನಿಂತು ನೋಡುತ್ತಾರೆ, ನನ್ನ ಕೈ ನೋಡಲು ಅವರ ಕಡೆಯವರನ್ನು ನಾನೇ ಕರೆಸುತ್ತೇನೆ.

ಫೈಟ್ ದಿನ ಮೊದಲ ಎರಡು ರೌಂಡ್ ಕೆಟ್ಟದಾಗಿ ಹೋದವು. ಶೂ ಕಾಣುತ್ತಿತ್ತು, ಕಾಲು ತಿರುಗುತ್ತಿರಲಿಲ್ಲ. ಮೂರರಲ್ಲಿ ತಿರುಗಿತು. ಅವನ ಬಲಗೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು, ಎದುರಿಗೇ ರೆಫರಿ. ನಾಲ್ಕರಲ್ಲಿ ಎಚ್ಚರಿಕೆ, ಐದರಲ್ಲಿ ಇನ್ನೊಂದು, ಆರರಲ್ಲಿ ಹಿಂದಲೆಗೆ ಹೊಡೆದದ್ದಕ್ಕೆ ಒಂದು ಅಂಕ ಕಟ್. ಅಲ್ಲಿಂದ ಅವನು ಕ್ಲಿಂಚ್‌ಗೆ ಬರುವುದನ್ನೇ ಬಿಟ್ಟ. ದೂರದಿಂದ ಆಡಿದರೆ ನನ್ನ ಜ್ಯಾಬ್‌ಗೆ ಅವನಲ್ಲಿ ಉತ್ತರ ಇಲ್ಲ, ಅದನ್ನು ಮೊದಲಿನಿಂದಲೂ ಹೇಳುತ್ತಿದ್ದೆ. ಎರಡು ಕಾರ್ಡ್ 77-74, ಒಂದು 76-75. ಆ ಕೊನೆಯ ಕಾರ್ಡ್‌ನಲ್ಲಿ ಅಂಕ ಕಟ್ ಆಗದಿದ್ದರೆ ಡ್ರಾ ಇತ್ತು, ಸುಳ್ಳು ಹೇಳಲ್ಲ.

ಬೆಲ್ ಆದ ಮೇಲೆ ಅವನ ಮೂಲೆಗೆ ಹೋಗಿ ಗ್ಲೌಸ್ ಮುಟ್ಟಿದೆ. ಅವನು ಮುಖ ನೋಡಲಿಲ್ಲ, ಆದರೆ ಗ್ಲೌಸ್ ಮುಂದೆ ಚಾಚಿದ. ಟ್ರೇನರ್, ಮ್ಯಾನೇಜರ್ ಪಾಲು ಕಳೆದು ಉಳಿದ ಪರ್ಸ್‌ನಲ್ಲಿ ಹತ್ತನೇ ಒಂದು ಭಾಗವನ್ನು ಆ ಸ್ಪಾರಿಂಗ್ ಹುಡುಗನಿಗೆ ಕೊಟ್ಟೆ. ಮರುಪಂದ್ಯದ ತಯಾರಿಗೂ ಆ ಹುಡುಗನೇ ಮತ್ತೆ ಬರುತ್ತಿದ್ದಾನೆ. ಈ ಸಲ ರೆಫರಿಯ ಕಪ್ಪು ಶೂ ಹಾಕಿಕೊಂಡು ಸುತ್ತುವುದಕ್ಕೆ ನನ್ನ ಟ್ರೇನರ್ ತಾವಾಗಿಯೇ ಒಪ್ಪಿದ್ದಾರೆ.