ಡಿ-ಸ್ಟಾರ್ಮ್‌ಗೆ ಡೈ ಆಯ್ಕೆ: ನನ್ನ ಅನುಭವ

ಸೂಪರ್ ರೆಸಲ್ಯೂಶನ್ (ಮಾಮೂಲಿ ಮೈಕ್ರೋಸ್ಕೋಪಿಗೆ ಸಿಗದಷ್ಟು ಸಣ್ಣ ವಿವರ ತೋರಿಸುವ ಇಮೇಜಿಂಗ್) ಶುರು ಮಾಡುವವರು ಮೊದಲು ಕೇಳುವುದು, ಯಾವ ಡೈ (ಲೇಸರ್ ಬಿದ್ದಾಗ ಹೊಳೆಯುವ ಬಣ್ಣ) ಜಾಸ್ತಿ ಹೊಳೆಯುತ್ತದೆ ಅಂತ. ನಾನು ಮೊದಲು ನೋಡುವುದು ಅದು ಎಷ್ಟು ಹೊತ್ತು ಆರಿರುತ್ತದೆ ಅನ್ನುವುದನ್ನು. ನಾನು ಮಾಡುವುದು ಡಿ-ಸ್ಟಾರ್ಮ್, ಅಂದರೆ ಡೈಯ ಅಣುಗಳನ್ನು ಬಿಡಿಬಿಡಿಯಾಗಿ ಮಿನುಗಿಸಿ, ಅವುಗಳ ಜಾಗ ಗುರುತಿಸಿ ಚಿತ್ರ ಕಟ್ಟುವ ವಿಧಾನ. ಒಂದೊಂದು ಫ್ರೇಮಿನಲ್ಲಿ ಅಲ್ಲೊಂದು ಇಲ್ಲೊಂದು ಅಣು ಮಾತ್ರ ಹೊತ್ತಿಕೊಳ್ಳಬೇಕು, ಉಳಿದವೆಲ್ಲ ಆರಿರಬೇಕು. ಆಗ ಮಾತ್ರ ಪ್ರತಿ ಚುಕ್ಕೆಯ ನಡು ಎಲ್ಲಿದೆ ಅಂತ ಲೆಕ್ಕ ಹಾಕಬಹುದು.

ಹಾಗಾಗಿ ನನ್ನ ಮೊದಲ ಆಯ್ಕೆ ಅಲೆಕ್ಸಾ ಫ್ಲೋರ್ 647. ಹೊತ್ತಿದಾಗ ಸಾವಿರಾರು ಫೋಟಾನ್ ಕೊಡುತ್ತದೆ, ಆಮೇಲೆ ತುಂಬಾ ಹೊತ್ತು ಕತ್ತಲಲ್ಲೇ ಇರುತ್ತದೆ. 640 ನ್ಯಾನೋಮೀಟರ್ ಲೇಸರ್ ಜೋರು ಮಾಡಿದಾಗ ಇದು ಸ್ಕ್ರೀನಿನ ಮೇಲೆ ಕಾಣುತ್ತದೆ: ಮೊದಲು ಇಡೀ ಜೀವಕೋಶ ಬೆಳಗುತ್ತದೆ, ಮೆಲ್ಲಗೆ ಮಂಕಾಗುತ್ತದೆ, ಆಮೇಲೆ ಮಿಂಚುಹುಳದ ಹಾಗೆ ಬಿಡಿಬಿಡಿ ಚುಕ್ಕೆಗಳು ಮಿನುಗುತ್ತವೆ. ಮಿನುಗು ಕಡಿಮೆಯಾದರೆ, ಆರಿದ ಅಣುಗಳನ್ನು ಮತ್ತೆ ಹೊತ್ತಿಸಲು 405 ನ್ಯಾನೋಮೀಟರ್ ಲೇಸರನ್ನು ಒಂಚೂರು ಏರಿಸುತ್ತೇನೆ.

ಆದರೆ ಡೈ ಒಂದೇ ಇದ್ದರೆ ಸಾಲದು, ಸ್ಯಾಂಪಲ್ ಮುಳುಗಿರುವ ದ್ರಾವಣ, ಅಂದರೆ ಬಫರ್, ಸರಿಯಿರಬೇಕು. ಎಂಇಎ ಅನ್ನುವ ಥಯೋಲ್ (ಗಂಧಕವಿರುವ ರಾಸಾಯನಿಕ) ಡೈಯನ್ನು ಕತ್ತಲ ಸ್ಥಿತಿಗೆ ತಳ್ಳುತ್ತದೆ, ಗ್ಲೂಕೋಸ್ ಆಕ್ಸಿಡೇಸ್ ಮತ್ತು ಕ್ಯಾಟಲೇಸ್ ಅನ್ನುವ ಕಿಣ್ವಗಳು ಸೇರಿ ಆಮ್ಲಜನಕ ತೆಗೆಯುತ್ತವೆ. ಹೊತ್ತು ಹೋದಂತೆ ಈ ಕ್ರಿಯೆಯಿಂದ ಗ್ಲುಕೋನಿಕ್ ಆಮ್ಲ ಸೇರಿ ಪಿಎಚ್ ಇಳಿಯುತ್ತದೆ, ಮಿನುಗು ಕೆಡುತ್ತದೆ. ಅದಕ್ಕೇ ಇಮೇಜಿಂಗ್‌ಗೆ ಕೂರುವ ಮುಂಚೆ ಬೆರೆಸಿ, ಗಾಳಿ ಹೋಗದಂತೆ ಮುಚ್ಚುತ್ತೇನೆ. ನಿನ್ನೆಯ ಬಫರ್ ಮುಟ್ಟುವುದಿಲ್ಲ.

ಹೊಸ ಡೈ ಬಂದರೆ ಮೈಕ್ರೊಟ್ಯೂಬ್ಯೂಲ್ (ಜೀವಕೋಶದೊಳಗಿನ ಸಣ್ಣ ಕೊಳವೆ) ಮೇಲೆಯೇ ಪರೀಕ್ಷೆ, ಯಾಕಂದ್ರೆ ಅದರ ದಪ್ಪ ಗೊತ್ತಿದೆ, 25 ನ್ಯಾನೋಮೀಟರ್. ಚಿತ್ರದಲ್ಲಿ 50ರ ಆಸುಪಾಸು ಬಂದರೆ ಡೈಯನ್ನು ಬೈಯಬೇಡಿ. ಡೈಯನ್ನು ಅದಕ್ಕೆ ಅಂಟಿಸುವ ಪ್ರೈಮರಿ, ಸೆಕೆಂಡರಿ ಆಂಟಿಬಾಡಿಗಳೇ ಒಂದೊಂದು ಸುಮಾರು 10 ನ್ಯಾನೋಮೀಟರ್ ಇರುತ್ತವೆ, ಅಲ್ವಾ? ಇನ್ನೂ ನಿಖರವಾಗಿ ಬೇಕಿದ್ದರೆ ನ್ಯಾನೋಬಾಡಿಗೆ, ಅಂದರೆ ತುಂಬಾ ಚಿಕ್ಕ ಆಂಟಿಬಾಡಿ ತುಣುಕಿಗೆ, ಹೋಗಿ.

ಎರಡನೇ ಬಣ್ಣಕ್ಕೆ ನಾನು ಸಿಎಫ್568 ಇಟ್ಟುಕೊಂಡಿದ್ದೇನೆ. ಅಲೆಕ್ಸಾ 488 ಕೂಡ ಮಿನುಗುತ್ತದೆ, ಆದರೆ ಫೋಟಾನ್ ಕಡಿಮೆ, ಹೆಚ್ಚು ಹೊತ್ತು ಹೊತ್ತಿಕೊಂಡೇ ಇರುತ್ತದೆ. ಅದನ್ನು ಜೀವಕೋಶ ಎಲ್ಲಿದೆ ಅಂತ ನೋಡಲಿಕ್ಕೆ ಮಾತ್ರ ಬಳಸುತ್ತೇನೆ.

ಸ್ಟೆಡ್ ಅನ್ನುವ ಇನ್ನೊಂದು ಸೂಪರ್ ರೆಸಲ್ಯೂಶನ್ ವಿಧಾನಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಜೋರು ಲೇಸರ್ ತಡೆದುಕೊಳ್ಳುವ ಡೈ. 775 ನ್ಯಾನೋಮೀಟರ್ ಡಿಪ್ಲೀಷನ್ ಲೇಸರ್ (ಚುಕ್ಕೆಯ ಅಂಚಿನ ಹೊಳಪನ್ನು ಅಡಗಿಸುವ ಲೇಸರ್) ಇದ್ದರೆ ಅಬೇರಿಯರ್ ಸ್ಟಾರ್ 635ಪಿ ಅಥವಾ ಅಟ್ಟೋ 647ಎನ್ ನೋಡಿ. ಅಟ್ಟೋ 647ಎನ್ ಪೊರೆಗಳಿಗೆ ಸುಮ್ನೆ ಅಂಟಿಕೊಳ್ಳುವ ಜಾತಿ, ಹಾಗಾಗಿ ಸೆಕೆಂಡರಿ ಆಂಟಿಬಾಡಿ ಮಾತ್ರ ಹಾಕಿದ ಕಂಟ್ರೋಲ್ ಸ್ಲೈಡ್ ಹೋಲಿಕೆಗೆ ಪಕ್ಕದಲ್ಲಿರಲಿ.